ಒಂಚೂರು ತಳ್ತೀರಾ?

“ರೀ, ಇವತ್ತೊಂದಿನ ಆ ಸೀಟೀನ ಮನೇಲೇ ಇಟ್ಟು ಹೋಗಿ,” ಎಂದಳು ಹೆಂಡತಿ. “ಅದರ ಸದ್ದು ಕೇಳಿದ್ರೆ ಸಾಕು, ಎಲ್ರಿಗೂ ನಿಮ್ಮ ಕೈಲಿ ಕೆಲಸ ಮಾಡಿಸ್ಬೇಕು ಅನ್ಸತ್ತೆ.”

ಯೂನಿವರ್ಸಿಟಿಯ ವ್ಯಾಯಾಮದ ಮೇಷ್ಟ್ರು ತಲೆಯಾಡಿಸಿದರು; ಅವಳು ಅತ್ತ ತಿರುಗಿದ ಕೂಡಲೇ ಸೀಟಿಯನ್ನು ಕೋಟಿನ ಜೇಬಿಗೆ ಇಳಿಬಿಟ್ಟರು. ಅಂದು ಕ್ರೀಡಾ ನಿರ್ದೇಶಕರ ಹುದ್ದೆಗೆ ಸಂದರ್ಶನ. ಅವರ ಸೀಟಿಗೆ ಓಡಿದ ಹುಡುಗರೆಲ್ಲ ಪ್ರೊಫೆಸರುಗಳಾಗಿ ಹೊಟ್ಟೆ ಬೆಳೆಸಿಕೊಂಡಿದ್ದರು. ಮೇಷ್ಟ್ರು ಮಾತ್ರ ಸೇರಿದ ದಿನದ ಹುದ್ದೆಯಲ್ಲೇ ಬೇರುಬಿಟ್ಟಿದ್ದರು. ಈ ಸಲ ತಪ್ಪಿದರೆ ನಿವೃತ್ತಿಯವರೆಗೂ ಬಿಸಿಲೇ ಗತಿ.

ಮೆಟ್ಟಿಲಿಳಿಯುವಷ್ಟರಲ್ಲಿ ಪಕ್ಕದ ಮನೆಯಿಂದ ಕೂಗು. ಅವರದೇ ವಿಭಾಗದ ಕಿರಿಯ ಮೇಷ್ಟ್ರು. ಮೈದಾನಕ್ಕೆ ಬಂದರೂ ಮರದ ಬುಡ ಬಿಟ್ಟು ಕದಲದ ಈತನಿಗೆ ಹುಡುಗರು ‘ನೆರಳು ಸಾರ್’ ಎಂದು ಹೆಸರಿಟ್ಟಿದ್ದರು.

“ಸಾರ್, ಕಾರು ಸ್ಟಾರ್ಟ್ ಆಗ್ತಿಲ್ಲ. ಒಂಚೂರು ತಳ್ತೀರಾ? ಅರ್ಜೆಂಟಿದೆ.”

ಇಲ್ಲ ಎನ್ನುವುದು ಮೇಷ್ಟ್ರ ಜಾಯಮಾನದಲ್ಲೇ ಇರಲಿಲ್ಲ. ತಳ್ಳಿದರು. ಕಾರು ಕೆಮ್ಮಿತು, ಸೀನಿತು, ಸ್ಟಾರ್ಟ್ ಮಾತ್ರ ಆಗಲಿಲ್ಲ. ತಳ್ಳುತ್ತ ತಳ್ಳುತ್ತ ಯೂನಿವರ್ಸಿಟಿ ಆಫೀಸಿನ ಬಾಗಿಲೇ ಬಂತು. ಕೋಟಿನ ಗುಂಡಿಗಳು ದಾರಿಯಲ್ಲೇ ರಾಜೀನಾಮೆ ಕೊಟ್ಟಿದ್ದವು.

ಒಳಗೆ ಫೀಸು ಕಟ್ಟುವ ಕೌಂಟರಿನ ಮುಂದೆ ನೂಕುನುಗ್ಗಲು. “ಮೇಷ್ಟ್ರೇ, ದೇವರು ಬಂದ ಹಾಗೆ ಬಂದ್ರಿ! ಊದಿ!” ಎಂದರು ರಿಜಿಸ್ಟ್ರಾರ್. ಬೇಡ ಎಂದಿತು ಮನಸ್ಸು, ಕೈ ಕೇಳಲಿಲ್ಲ. ಸೀಟಿ ಕಿರುಚಿದ್ದೇ ತಡ, ಹುಡುಗರೆಲ್ಲ ಗೆರೆ ಎಳೆದ ಹಾಗೆ ಸಾಲಾಗಿ ನಿಂತರು. ಸಾಲು ತಪ್ಪಿಸಿ ಒಳನುಗ್ಗುತ್ತಿದ್ದ, ಟೈ ಕಟ್ಟಿದ ಹಿರಿಯರೊಬ್ಬರು ಮಾತ್ರ ಸಿಕ್ಕಿಬಿದ್ದರು.

“ನಾನ್ಯಾರು ಗೊತ್ತೇನ್ರೀ?”

“ಯಾರಾದ್ರೂ ಸರಿ! ಮೈದಾನಕ್ಕೆ ಒಂದು ಸುತ್ತು! ಓಡಿ!”

ಸೀಟಿಯ ಮಹಿಮೆ ಎಂಥದೋ, ಹಿರಿಯರು ಓಡಿಯೇಬಿಟ್ಟರು.

ಸಂದರ್ಶನದ ಕೋಣೆಗೆ ಹೋದರೆ, ನಡುವಿನ ಕುರ್ಚಿಯಲ್ಲಿ ಟೈ ಸಡಿಲಿಸಿ ಏದುಸಿರು ಬಿಡುತ್ತ ಅದೇ ಹಿರಿಯರು ಕೂತಿದ್ದರು. ಸಮಿತಿಯ ಅಧ್ಯಕ್ಷರು! ಮೇಷ್ಟ್ರು ಸೀಟಿಯನ್ನು ಜೇಬಿನ ತಳಕ್ಕೆ ಅದುಮಿದರು.

“ಭೇಷ್!” ಎಂದರು ಅಧ್ಯಕ್ಷರು. “ನನ್ನನ್ನ ಓಡಿಸಿದ ಮೊದಲನೇ ಮನುಷ್ಯ ನೀವು. ಮೈಯೆಲ್ಲ ಹಗುರಾಗಿದೆ ಕಣ್ರೀ! ನಿಮ್ಮಂಥ ಮೇಷ್ಟ್ರು ಇನ್ನೊಬ್ರಿಲ್ಲ.”

ಮೇಷ್ಟ್ರಿಗೆ ಹೋದ ಜೀವ ಬಂತು. ಮನಸ್ಸಿನಲ್ಲೇ ನಿರ್ದೇಶಕರ ಕುರ್ಚಿಯಲ್ಲಿ ಕೂತು ಒಂದು ಸುತ್ತು ತಿರುಗಿದ್ದೂ ಆಯಿತು.

“ಅದಕ್ಕೇ,” ಅಧ್ಯಕ್ಷರು ಮುಂದುವರಿಸಿದರು, “ನಿಮ್ಮನ್ನ ಮೈದಾನದಿಂದ ಎಬ್ಬಿಸಿ ಕುರ್ಚೀಲಿ ಕೂರ್ಸೋದು ದೊಡ್ಡ ಅನ್ಯಾಯ. ಆ ಕುರ್ಚಿಗೆ, ಮೈದಾನದಲ್ಲಿ ಇದ್ರೂ ಇಲ್ದಿದ್ರೂ ಯಾರಿಗೂ ಗೊತ್ತಾಗದಂಥವರು ಬೇಕು. ಯಾರಾದ್ರೂ ಇದ್ದಾರಾ?”

“ಇದ್ದಾರೆ ಸಾರ್,” ಎಂದರು ರಿಜಿಸ್ಟ್ರಾರ್. “ಅವರೂ ಅರ್ಜಿ ಹಾಕಿದ್ದಾರೆ. ಹೊರಗೆ ನೆರಳಲ್ಲಿ ಕಾಯ್ತಿದ್ದಾರೆ.”

ಸಂಜೆ ಹೊಸ ನಿರ್ದೇಶಕರು ಕಾರಿನಲ್ಲಿ ಕೂತು ಗಾಜಿಳಿಸಿದರು.

“ಮೇಷ್ಟ್ರೇ,” ಎಂದರು. ಬೆಳಿಗ್ಗೆಯ ‘ಸಾರ್’ ಆಗಲೇ ಹಾರಿಹೋಗಿತ್ತು. “ಒಂಚೂರು ತಳ್ತೀರಾ? ಹೇಗೂ ಪಕ್ಕದ ಮನೆ, ಬಿಟ್ಟುಬಿಡ್ತೀನಿ.”

ಮೇಷ್ಟ್ರು ಕೋಟು ಬಿಚ್ಚಿ ಹಿಂದಿನ ಸೀಟಿಗೆಸೆದು ಕೈಹಚ್ಚಿದರು. ಈ ಸಲ ಮುಟ್ಟಿದ್ದೇ ತಡ, ಕಾರು ಸ್ಟಾರ್ಟಾಗಿ, ಕೋಟನ್ನು ಕರೆದುಕೊಂಡು, ಮೇಷ್ಟ್ರನ್ನು ಅಲ್ಲೇ ಬಿಟ್ಟು ಹೊರಟೇಹೋಯಿತು.