ರಂಗಸಾಮಿ ಆರಿಸಿದ ಸಾಕ್ಷ್ಯಚಿತ್ರ

ಹೊಟ್ಟೆಕಿಚ್ಚಿನಲ್ಲೂ ನನಗೊಂದು ಶಿಸ್ತಿದೆ. ಕಾರು ಕೊಂಡವರನ್ನು, ಬಂಗಲೆ ಕಟ್ಟಿಸಿದವರನ್ನು ಕಂಡು ನಾನು ಕರುಬಿದವನಲ್ಲ. ನನ್ನದೇ ಕೆಲಸವನ್ನು ಪಕ್ಕದ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಮಾಡುವವನಿದ್ದರೆ ಮಾತ್ರ ಅನ್ನ ಸೇರುವುದಿಲ್ಲ. ಎಂಬತ್ತರ ದಶಕದಲ್ಲಿ ಕೊಯಮತ್ತೂರಿನ ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಡುತ್ತಿದ್ದಾಗ ಅಂಥವನೊಬ್ಬ ಸಿಕ್ಕ. ಹೆಸರು ರಂಗಸಾಮಿ, ಹತ್ತಿರದ ನೆಗಮಂ ಊರಿನ ನೇಕಾರರ ಮನೆಯವನು. ಮನೆಮಾತು ಕನ್ನಡ, ಓದುಬರಹವೆಲ್ಲ ತಮಿಳು. ಅವನ ತರಗತಿಯಿಂದ ಗೋಡೆ ದಾಟಿ ನಗು ಬರುತ್ತಿತ್ತು. ನನ್ನ ತರಗತಿಯಲ್ಲಿ ಫ್ಯಾನಿನ ಸದ್ದು. ಸಾಲದ್ದಕ್ಕೆ, ಮೈಸೂರಿನಿಂದ ಬಂದವನೆಂದು ಅವನಿಗೆ ನನ್ನ ಮೇಲೆ ವಿಪರೀತ ಗೌರವ. ನೆಮ್ಮದಿಯಾಗಿ ದ್ವೇಷಿಸಲೂ ಬಿಡದ ಮನುಷ್ಯ.

ಆ ವರ್ಷ ಸಾರ್ವಜನಿಕ ಪ್ರಸಾರದ ಇತಿಹಾಸ ಪಾಠಕ್ಕೆ ಸೇರಿತು. ರೇಡಿಯೋ ಹೇಗೆ ಬಂತು, ಯಾರಿಗಾಗಿ ಬಂತು ಎಂಬ ವಿಷಯ. ಪ್ರಿನ್ಸಿಪಾಲರು ನಮ್ಮಿಬ್ಬರಿಗೂ ಒಂದೊಂದು ಸಾಕ್ಷ್ಯಚಿತ್ರ ಆರಿಸಲು ಹೇಳಿದರು. ಯಾರ ಆಯ್ಕೆ ಒಪ್ಪಿಗೆಯಾಗುತ್ತದೋ ಅವರದೇ ಪಾಠ. ನಾನು ಆರಿಸಿದ್ದು ವಿದೇಶದ್ದು: ದೊಡ್ಡ ಕಟ್ಟಡ, ಕೋಟು ತೊಟ್ಟವರು, ಸಹಿ ಬೀಳುತ್ತಿರುವ ಕಾಗದಗಳು. ನೋಡುವಾಗ ನಾನೇ ಎರಡು ಸಲ ತೂಕಡಿಸಿದೆ. ಅದನ್ನು ಚಿತ್ರದ ಗಾಂಭೀರ್ಯವೆಂದು ಬರೆದುಕೊಂಡೆ.

ರಂಗಸಾಮಿಯ ಚಿತ್ರದಲ್ಲಿ ತಪ್ಪು ಹುಡುಕಲೆಂದು ಒಂದು ಶನಿವಾರ, ಅವನು ಇನ್ನೂ ಪ್ರಿನ್ಸಿಪಾಲರಿಗೆ ತೋರಿಸಿರದ ರೀಲನ್ನು ಕಪಾಟಿನಿಂದ ತೆಗೆದು, ಒಬ್ಬನೇ ಪ್ರೊಜೆಕ್ಟರಿಗೆ ಹಾಕಿದೆ. ಪಂಚಾಯ್ತಿ ಕಚೇರಿಯ ರೇಡಿಯೋ ಮುಂದೆ ಊರೇ ಕೂತಿತ್ತು. ಮಳೆಯಾಗುವುದಿಲ್ಲ ಎಂದಿತು ರೇಡಿಯೋ. ಒಬ್ಬ ಮುದುಕಿ ಎದ್ದು, ಮೋಡ ತೋರಿಸಿ ರೇಡಿಯೋ ಜೊತೆ ಜಗಳಕ್ಕೇ ನಿಂತಳು. ನಾನು ಜೋರಾಗಿ ನಕ್ಕೆ. ರೀಲು ಹಿಂದಕ್ಕೆ ಸುತ್ತಿ ಮತ್ತೆ ನಕ್ಕೆ.

ಬಾಗಿಲಲ್ಲಿ ಪ್ರಿನ್ಸಿಪಾಲರು ನಿಂತಿದ್ದರು. "ನೀವು ಆರಿಸಿದ್ದು ಇದೇನಾ? ಬಹಳ ಚೆನ್ನಾಗಿದೆ" ಎಂದು ತಮಿಳಿನಲ್ಲಿ ಕೇಳಿದರು. ನಾನು ತಲೆಯಾಡಿಸಿದೆ. ಹೌದೋ ಅಲ್ಲವೋ ತಿಳಿಯದ ಹಾಗೆ ಆಡಿಸಿದ್ದೆ. ಅವರು ಹೌದೆಂದೇ ತೆಗೆದುಕೊಂಡರು.

ಸೋಮವಾರ ನೋಟೀಸ್ ಬೋರ್ಡಿನಲ್ಲಿ ಆ ಚಿತ್ರದ ಪಕ್ಕ ನನ್ನ ಹೆಸರು. ರಂಗಸಾಮಿ ಓಡಿ ಬಂದ. ಬೈಗುಳಕ್ಕೆ ಸಿದ್ಧನಾಗಿ ನಿಂತೆ.

"ಸಾರ್, ನೀವೂ ಅದನ್ನೇ ತಗೊಂಡ್ರಾ! ನಂಗೆ ರೊಂಬ ಸಂತೋಷ ಸಾರ್. ನಾನು ನೇಯೋರ ಮನೆಯೋನು, ನಂಗೇನು ತೆರಿಯುತ್ತೆ, ಏನು ಗೊತ್ತು ಅಂತ ಭಯ ಇತ್ತು. ಮೈಸೂರಲ್ಲಿ ಓದಿದ ನಿಮಗೇ ಹಿಡಿಸ್ತು ಅಂದ್ಮೇಲೆ ಸಾಕು. ಪಾಠ ನೀವೇ ಮಾಡ್ರಿ."

ಎರಡು ದಿನ ತಡೆದೆ. ಮೂರನೆಯ ದಿನ ಪ್ರಿನ್ಸಿಪಾಲರ ಕೋಣೆಗೆ ಹೋಗಿ ನಿಜ ಹೇಳಿದೆ. ಪಾಠ ರಂಗಸಾಮಿಗೆ ಹೋಯಿತು, ಪ್ರೊಜೆಕ್ಟರ್ ನಡೆಸುವ ಕೆಲಸ ನನಗೆ ಬಂತು. ಮುದುಕಿ ಎದ್ದು ನಿಂತಾಗ ತರಗತಿಯೆಲ್ಲ ಕೈತಟ್ಟಿ ನಕ್ಕಿತು. ಕತ್ತಲಲ್ಲಿ ನಿಂತು ನಾನು ಒಳಗೊಳಗೇ ಉರಿದುಹೋದೆ.

ಸಂಜೆ ಹೆಂಡತಿ ಸರೋಜಳಿಗೆ ಎಲ್ಲ ಹೇಳಿದೆ. "ನೀವೇ ಹೋಗಿ ನಿಜ ಹೇಳಿದ್ರಲ್ಲ, ಅದು ದೊಡ್ಡ ಮಾತು ಕಣ್ರೀ" ಎಂದಳು. ತಿಂಗಳುಗಟ್ಟಲೆ ಸಿಗದಿದ್ದ ಹೊಗಳಿಕೆ! ನಾನು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತೆ.

ಕಾಫಿ ಲೋಟ ಕೈಗಿಡುತ್ತಾ ಅವಳೇ ಸೇರಿಸಿದಳು: "ಪಾಪ, ಆ ರಂಗಸಾಮಿ ಆಗಿದ್ರೆ ಅವತ್ತೇ ಹೇಳಿಬಿಡ್ತಿದ್ರು."