ಗಂಡಭೇರುಂಡ ಗಿಲ್ಡಿನ ಸದಸ್ಯತ್ವ ಅಭಿಯಾನ

ಎರಡು ಸಾವಿರದ ಆರನೇ ಇಸವಿಯ ಯುಗಾದಿಯ ಹೊತ್ತಿಗೆ ಚೆನ್ನೈನ ಗಂಡಭೇರುಂಡ ಗಿಲ್ಡಿನಲ್ಲಿ ನಾನೂರ ಹನ್ನೆರಡು ಸದಸ್ಯರಿದ್ದರು. ಅವರ ಪೈಕಿ ಆಟ ಆಡುತ್ತಿದ್ದವರು ಹದಿನಾಲ್ಕು ಮಂದಿ. ಸಂಸ್ಥೆಗಳು ಬೆಳೆಯುವುದು ಹೀಗೆಯೇ. ಕಾರ್ಯದರ್ಶಿಯಾಗಿ ಇದನ್ನು ದಾಖಲಿಸುವುದು ನನ್ನ ಕರ್ತವ್ಯ. ನಾನು ಕೃಷ್ಣರಾಜ. ಆ ಆಟವನ್ನು ಒಮ್ಮೆಯೂ ಆಡಿದವನಲ್ಲ. ಪಕ್ಷಪಾತಕ್ಕೆ ಎಡೆಯಿರಬಾರದೆಂದು ಆ ಕಾರಣಕ್ಕೇ ನನ್ನನ್ನು ಆರಿಸಲಾಗಿತ್ತು.

ಗಿಲ್ಡು ಎಂದರೆ ಹತ್ತಾರು ಊರಿನವರು ಇಂಟರ್‌ನೆಟ್ಟಿನಲ್ಲಿ ಒಟ್ಟಿಗೆ ಆಡುವ ಆಟದಲ್ಲಿ ಆಟಗಾರರು ಕಟ್ಟಿಕೊಳ್ಳುವ ದಂಡು. ಈ ದಂಡನ್ನು ಕಟ್ಟಿದವಳು ತನುಶ್ರೀ. ನಾಗಮಂಗಲದ ಕಡೆಯವಳು, ಪೋರೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ. ಊರಿಗೆ ಹೊಸಬಳು, ತಮಿಳು ಬಾರದು, ಆಫೀಸು ಬಿಟ್ಟು ಬಂದರೆ ಮಾತಿಗೆ ಯಾರೂ ಇಲ್ಲ. ಹಾಗಾಗಿ ಆಟದೊಳಗೆ ಕನ್ನಡದಲ್ಲಿ ಹರಟುವವರನ್ನು ಒಬ್ಬೊಬ್ಬರಾಗಿ ಹುಡುಕಿ ಸೇರಿಸಿದಳು. ಯಾರಿಗೆ ಯಾವಾಗ ಪರೀಕ್ಷೆ, ಯಾರಿಗೆ ಕತ್ತಿ ಬೀಸುವುದಕ್ಕಿಂತ ಗಾಯಗೊಂಡವರಿಗೆ ಮದ್ದು ಹಾಕುವುದು ಇಷ್ಟ, ಯಾರು ಬ್ರೌಸಿಂಗ್ ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ಕೂತು ಆಡುತ್ತಾರೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಸೋತರೆ ಬೈಯುತ್ತಿರಲಿಲ್ಲವಂತೆ. ಎಲ್ಲಿ ಎಡವಿದೆವೆಂದು ಸಮಾಧಾನವಾಗಿ ವಿವರಿಸುತ್ತಿದ್ದಳಂತೆ. ಇಂಥ ಆಡಳಿತ ಎಷ್ಟು ದಿನ ನಡೆದೀತು ಎಂಬುದು ಬೇರೆ ಮಾತು.

ಒಂದೂವರೆ ವರ್ಷದ ಮೇಲೆ ಅವರು ಆಟದ ಕರಿಕೋಟೆಯನ್ನು ಗೆದ್ದರು. ಪ್ರತಿ ಭಾನುವಾರ ಸಂಜೆ ನಾಲ್ಕರಿಂದ ಐದರವರೆಗೆ ಯಾರು ಬೇಕಾದರೂ ಆ ಕೋಟೆಗೆ ಮುತ್ತಿಗೆ ಹಾಕಬಹುದು. ಐದಕ್ಕೆ ಅದು ಯಾರ ಕೈಯಲ್ಲಿರುತ್ತದೋ ವಾರವಿಡೀ ಅದರ ಮೇಲೆ ಅವರ ಬಾವುಟ. ತನುಶ್ರೀ ಹದಿನಾರಕ್ಕೆ ಹದಿನಾರು ಚೌಕದಲ್ಲಿ ಚುಕ್ಕಿ ಚುಕ್ಕಿಯಾಗಿ ಗಂಡಭೇರುಂಡ ಬಿಡಿಸಿದ್ದಳು. ದೂರದಿಂದ ನೋಡಿದರೆ ಎರಡು ಕಾಗೆ ಜಗಳಕ್ಕೆ ನಿಂತಂತಿತ್ತು. ಆದರೂ ಹನ್ನೊಂದು ವಾರ ಎದುರಿಲ್ಲದೆ ಹಾರಿತು.

ಆಮೇಲೆ ಕೊಯಮತ್ತೂರಿನ ಕಾಲೇಜು ಹುಡುಗರ ದಂಡೊಂದು ಮೂವತ್ತು ಜನರೊಂದಿಗೆ ಬರತೊಡಗಿತು. ತನುಶ್ರೀಗೆ ಇನ್ನೂ ಹತ್ತು ಬಿಲ್ಲುಗಾರರು ಬೇಕಾದರು. ಅವಳು ಮಹಡಿಯ ಮೇಲೆ ಬಾಡಿಗೆಗಿದ್ದ ಮನೆಯ ಯಜಮಾನರು ಭೋಜರಾಜರು. ಮಣಲಿಯ ಕಾರ್ಖಾನೆಯೊಂದರಲ್ಲಿ ಆಡಳಿತಾಧಿಕಾರಿ, ಅಲ್ಲಿ ನನ್ನ ಮೇಲಧಿಕಾರಿ, ಬಡಾವಣೆಯ ಕನ್ನಡ ಕೂಟದ ಅಧ್ಯಕ್ಷರು. ಅವರ ಮಗಳು, ಇಂಜಿನಿಯರಿಂಗ್ ಓದುತ್ತಿದ್ದ ನಿಖಿತಾ, ಆ ಹದಿನಾಲ್ವರಲ್ಲಿ ಒಬ್ಬಳು. ಕೂಟದ ಹರೆಯದವರಿಗೆ ಒಂದು ಮಾತು ಹೇಳಿ ಎಂದು ತನುಶ್ರೀ ಕೇಳಿಕೊಂಡಳು.

"ಹತ್ತು ಜನ ಯಾಕಮ್ಮ? ನಾನೂರು ಜನ ಕೊಡ್ತೀನಿ," ಎಂದರು ಭೋಜರಾಜರು.

ಆಡೋಕೆ ಬರೋರು ಬೇಕು ಸರ್, ಎಂದಳು ಅವಳು. ಮೊದಲು ಸೇರಲಿ, ಆಡುವ ವಿಚಾರವನ್ನು ಮುಂದಿನ ಸಭೆಯಲ್ಲಿ ಇಟ್ಟುಕೊಳ್ಳೋಣ ಎಂದು ಅವರು ಸಮಾಧಾನ ಹೇಳಿದರು.

ಅಭಿಯಾನ ಮರುವಾರವೇ ಆರಂಭವಾಯಿತು. ಅರ್ಜಿ ಮೂರು ಪ್ರತಿ, ಪಾಸ್‌ಪೋರ್ಟ್ ಅಳತೆಯ ಎರಡು ಫೋಟೋ, "ಬಿಲ್ಲು, ಕತ್ತಿ, ಮದ್ದು: ಅನ್ವಯಿಸದವುಗಳನ್ನು ಹೊಡೆದುಹಾಕಿ" ಎಂಬ ಕಾಲಂ. ಬೆಸೆಂಟ್ ನಗರದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಕುಂದಾಪುರದ ರಘುರಾಮರು ಅರ್ಜಿಗಳನ್ನು ತಮ್ಮ ಗಲ್ಲಾದ ಪಕ್ಕ ಇಡಿಸಿದರು. ಅದು ಬಹುಮಾನದ ಕೂಪನ್ ಎಂದುಕೊಂಡು ಕಾಫಿ ಕುಡಿಯಲು ಬಂದವರೂ ತುಂಬಿದರು. ರಘುರಾಮರ ಅಡುಗೆಯವರು ಇಡಿಯಾಗಿ ಕತ್ತಿಯ ವಿಭಾಗಕ್ಕೆ ಸೇರಿದರು. ಭೋಜರಾಜರ ಅತ್ತೆ ಅಮ್ಮಣ್ಣಿಯವರು, ವಯಸ್ಸು ಎಪ್ಪತ್ತೊಂದು, ಬಿಲ್ಲನ್ನು ಆರಿಸಿಕೊಂಡರು. ಇಷ್ಟೂ ಜನರ ಹೆಸರಿನಲ್ಲಿ ಆಟದಲ್ಲಿ ಒಂದೊಂದು ಗೊಂಬೆ ಸೃಷ್ಟಿಸುವ ಕೆಲಸ ನಿಖಿತಾಳ ಪಾಲಿಗೆ ಬಂತು. ಇನ್ನೂರ ಮೂವತ್ತನೆಯದು ಮುಗಿದಾಗ ಅವಳು "ಪೋದುಂಪ್ಪಾ" ಎಂದಳು. ಸಾಕು ಎಂಬುದನ್ನು ತಮಿಳಿನಲ್ಲಿ ಹೇಳಿದ್ದರಿಂದ ಅದನ್ನು ಕಡತಕ್ಕೆ ತೆಗೆದುಕೊಳ್ಳಲಿಲ್ಲ.

ಆಟದ ನಿಯಮಗಳೂ ದೂರದೃಷ್ಟಿಯಿಂದ ಕೂಡಿದ್ದವು. ನಾನೂರು ದಾಟಿದ ಗಿಲ್ಡಿಗೆ 'ಮಹಾಗಿಲ್ಡು' ಎಂಬ ಬಿರುದು, ಹೆಸರಿಗೆ ಚಿನ್ನದ ಅಂಚು. ಬಿರುದು ಬಂದೊಡನೆ ನಾಯಕರ ಆಯ್ಕೆಗೆ ಹೊಸದಾಗಿ ಮತದಾನ. ಸದಸ್ಯರ ಪಾಸ್‌ವರ್ಡುಗಳೆಲ್ಲ ಭೋಜರಾಜರ ಹಸಿರು ಫೈಲಿನಲ್ಲಿ ಸುರಕ್ಷಿತವಾಗಿದ್ದುದರಿಂದ ಚುನಾವಣೆ ಅತ್ಯಂತ ಶಾಂತಿಯುತವಾಗಿ ನಡೆಯಿತು. ಭೋಜರಾಜರಿಗೆ ಮುನ್ನೂರ ತೊಂಬತ್ತೆಂಟು, ತನುಶ್ರೀಗೆ ಹದಿನಾಲ್ಕು. ಅವಳಿಗೆ 'ಸ್ಥಾಪಕ ಸದಸ್ಯೆ' ಎಂದು ಶಾಲು ಹೊದಿಸಲಾಯಿತು. ಅವಳು ಭೋಜರಾಜರನ್ನು ಕೇಳಿದ್ದು ಒಂದೇ: ಭಾನುವಾರದ ಒಂದು ಗಂಟೆ ತನಗೆ ಬಿಟ್ಟುಕೊಡಿ. ಅವರು ಪರಿಶೀಲಿಸುವುದಾಗಿ ಹೇಳಿದರು.

ಮೊದಲ ಸುತ್ತೋಲೆಯನ್ನು ನಾನೇ ಟೈಪು ಮಾಡಿದೆ:

"ಈ ಮೂಲಕ ಎಲ್ಲ ಸದಸ್ಯರ ಗಮನಕ್ಕೆ ತರುವುದೇನೆಂದರೆ, ನಾಯಕರ ಲಿಖಿತ ಅನುಮತಿಯಿಲ್ಲದೆ ಯಾರೂ ಕತ್ತಿ ಹಿರಿಯತಕ್ಕದ್ದಲ್ಲ. ಬಿಟ್ಟ ಬಾಣಗಳಿಗೆ ಅದೇ ದಿನ ಲೆಕ್ಕ ಒಪ್ಪಿಸತಕ್ಕದ್ದು. ಯುದ್ಧದಲ್ಲಿ ಮಡಿದವರು ಮೂರು ದಿನಗಳೊಳಗಾಗಿ ಖುದ್ದು ಹಾಜರಾಗಿ ಕಾರಣ ತಿಳಿಸತಕ್ಕದ್ದು."

ಏಪ್ರಿಲ್ ತಿಂಗಳ ಎರಡನೇ ಭಾನುವಾರ ಮಹಾಗಿಲ್ಡಿನ ಸಂಭ್ರಮಾಚರಣೆಯನ್ನು ರಘುರಾಮರ ಹೋಟೆಲಿನ ಮೇಲಿನ ಹಾಲಿನಲ್ಲಿ ಏರ್ಪಡಿಸಲಾಗಿತ್ತು. ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ಕೋಟೆ. ಆಡದವರ ಗೊಂಬೆಗಳನ್ನು ಕಾವಲಿಗೆ ನಿಲ್ಲಿಸುವ ಸೌಕರ್ಯ ಆಟದಲ್ಲಿತ್ತು. ಸಂಖ್ಯಾಬಲ ಸಭಿಕರಿಗೆ ಕಾಣಲೆಂದು ಭೋಜರಾಜರು ಮುನ್ನೂರ ತೊಂಬತ್ತೆಂಟನ್ನೂ ಹೆಬ್ಬಾಗಿಲ ಒಳಗಿನ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು. ತನುಶ್ರೀ ಹಾಲಿನ ಮೂಲೆಯಲ್ಲಿ ಕಂಪ್ಯೂಟರಿನ ಮುಂದಿದ್ದಳು. ಪಕ್ಕದಲ್ಲಿ ನಿಖಿತಾ. ಉಳಿದ ಹನ್ನೆರಡು ಜನ ಊರಿನ ಬೇರೆ ಬೇರೆ ಕಡೆಯಿಂದ ಆಡುತ್ತಿದ್ದರು.

ನಾಲ್ಕು ಗಂಟೆ ಐದು ನಿಮಿಷಕ್ಕೆ ಕೊಯಮತ್ತೂರಿನವರು ಬಂದರು. ಹೆಬ್ಬಾಗಿಲು ಹಾಕುವ ಅಧಿಕಾರ ನಾಯಕರೊಬ್ಬರಿಗೇ ಇತ್ತು. ತನುಶ್ರೀ ಎದ್ದು ವೇದಿಕೆಯ ಹತ್ತಿರ ಹೋಗಿ ಬಗ್ಗಿ ನಿಂತಳು.

"ಸರ್, ಬಾಗಿಲು ಹಾಕ್ಬೇಕು. ನೀವು ಒಂದ್ಸಲ ಕ್ಲಿಕ್ ಮಾಡಿದ್ರೆ ಸಾಕು."

"ಸ್ವಾಗತ ಭಾಷಣ ನಡೀತಿದೆ ಕಣಮ್ಮ. ವಂದನಾರ್ಪಣೆ ಆಗ್ಲಿ, ಬರ್ತೀನಿ."

ಅವಳು ಹಿಂದಿರುಗಿ ಕಂಪ್ಯೂಟರಿನ ಮುಂದೆ ಕೂತು, ಅನುಮತಿಯಿಲ್ಲದೆಯೇ ಕತ್ತಿ ಹಿರಿದಳು. ಹದಿಮೂರು ಜನರೂ ಹಿರಿದರು. ಆದರೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮವರೇ ನಮ್ಮವರನ್ನು ದಾಟಿ ಬಾಗಿಲಿಗೆ ಹೋಗಲಾರದೆ ಗೋಡೆಗೆ ಒತ್ತಿಕೊಂಡರು. ಅಮ್ಮಣ್ಣಿಯವರ ಗೊಂಬೆಯನ್ನು ಸುತ್ತುಹಾಕಿ ಬರುವಷ್ಟರಲ್ಲೇ ಮೂವರು ಬಿದ್ದರು. ನಾಲ್ಕು ನಲವತ್ತೇಳಕ್ಕೆ, ಎಲ್ಲರಿಗೂ ಮದ್ದು ಹಾಕುತ್ತಿದ್ದ ನಿಖಿತಾಳ ಗೊಂಬೆಯೂ ಬಿತ್ತು. ಗೋಡೆಯ ಮೇಲೆ ನಮ್ಮ ಬಾವುಟ ಇಳಿದು ಇನ್ನೊಂದು ಏರುವುದನ್ನು ಸಭಿಕರು ನೋಡಿ ಚಪ್ಪಾಳೆ ತಟ್ಟಿದರು.

"ಎಂತ ಮಾರ್ರೆ, ಗೆದ್ದದ್ದು ನಾವಾ?" ಎಂದು ರಘುರಾಮರು ನನ್ನ ಕಿವಿಯಲ್ಲಿ ಕೇಳಿದರು. ಆ ವಿಷಯ ಕಾರ್ಯಸೂಚಿಯಲ್ಲಿಲ್ಲ ಎಂದೆ.

ವಂದನಾರ್ಪಣೆ ಐದೂ ಹತ್ತಕ್ಕೆ ಮುಗಿಯಿತು. ಭೋಜರಾಜರು ಕೊಟ್ಟ ಮಾತಿನಂತೆ ಬಂದು ಕ್ಲಿಕ್ ಮಾಡಿದರು. ತನುಶ್ರೀ ಅವರಿಗೆ ಕುರ್ಚಿ ಬಿಟ್ಟುಕೊಟ್ಟು, ಕೇಸರಿಬಾತ್ ಮುಟ್ಟದೆ, ಬಸ್ಸು ಹಿಡಿದು ಹೋದಳು. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಟವಳ ಕಣ್ಣು ಊದಿತ್ತೆಂದು ಅಮ್ಮಣ್ಣಿಯವರು ಹೇಳಿದರು. ಗಿಲ್ಡಿಗೆ ಸಂಬಂಧಿಸಿದ್ದಲ್ಲವೆಂದು ನಾನು ಅದನ್ನು ಬರೆದುಕೊಳ್ಳಲಿಲ್ಲ.

ವಿಚಾರಣಾ ಸಮಿತಿಯಲ್ಲಿ ನಾನು, ರಘುರಾಮರು ಮತ್ತು ಅಮ್ಮಣ್ಣಿಯವರಿದ್ದೆವು. ನಾವು ಕಂಡುಕೊಂಡ ಸತ್ಯಾಂಶ ಸರಳವಾಗಿತ್ತು: ಮುನ್ನೂರ ತೊಂಬತ್ತೆಂಟು ಸದಸ್ಯರು ವೈರಿಯ ಎದುರು ಒಂದು ಹೆಜ್ಜೆಯೂ ಹಿಂದೆ ಸರಿಯದೆ ನಿಂತಿದ್ದರು, ಅತ್ತಿತ್ತ ಓಡಾಡಿ ಗೊಂದಲ ಎಬ್ಬಿಸಿದವರು ಹದಿನಾಲ್ಕು ಮಂದಿ ಮಾತ್ರ. ನಿಂತವರಿಗೆ ಪ್ರಶಂಸಾಪತ್ರ, ಓಡಾಡಿದವರಿಗೆ ಆರು ತಿಂಗಳ ಅಮಾನತು. ಕೋಟೆ ಕೈತಪ್ಪಿಲ್ಲ, ನಿರ್ವಹಣೆಗಾಗಿ ಕೊಯಮತ್ತೂರಿನವರಿಗೆ ವಹಿಸಲಾಗಿದೆ ಎಂದೂ ಸ್ಪಷ್ಟಪಡಿಸಿದೆವು.

ತನುಶ್ರೀ ಒಮ್ಮೆ ಭೋಜರಾಜರ ಬಳಿ ಬಂದು, ಹದಿಮೂರು ಜನರೊಂದಿಗೆ ಮೊದಲಿನಿಂದ ಶುರು ಮಾಡುತ್ತೇನೆ, ಗಂಡಭೇರುಂಡ ಎಂಬ ಹೆಸರನ್ನಾದರೂ ವಾಪಸು ಕೊಡಿ ಎಂದಳು. ಹೆಸರು ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದೆ, ಇನ್ನು ತಮ್ಮ ಕೈಯಲ್ಲೂ ಇಲ್ಲ ಎಂದು ಅವರು ನಿಜವಾಗಿಯೂ ವಿಷಾದದಿಂದ ಹೇಳಿದರು. ಅಮಾನತು ಮುಗಿಯುವಷ್ಟರಲ್ಲಿ ಏಳು ಜನ ಕೊಯಮತ್ತೂರಿನ ದಂಡಿಗೆ ಸೇರಿದ್ದರು, ಮಿಕ್ಕವರು ಆಡುವುದನ್ನೇ ಬಿಟ್ಟಿದ್ದರು. ತನುಶ್ರೀ ಒಬ್ಬಳೇ ಎಷ್ಟೋ ಸಂಜೆ ಆಟದೊಳಗೆ ಹೋಗಿ ಕೋಟೆಯ ಹೊರಗೆ ಸುಮ್ಮನೆ ಕೂತಿರುತ್ತಿದ್ದಳೆಂದು ನಿಖಿತಾ ಹೇಳಿದಳು.

ಎರಡು ಸಾವಿರದ ಏಳರ ಡಿಸೆಂಬರಿನಲ್ಲಿ ಆ ಆಟ ನಡೆಸುತ್ತಿದ್ದವರು ಅದನ್ನು ಮುಚ್ಚಿಬಿಟ್ಟರು. ಜನವರಿಯ ವಾರ್ಷಿಕ ಮಹಾಸಭೆಯಲ್ಲಿ ನಾನು ಸದಸ್ಯ ಸಂಖ್ಯೆ ಆರುನೂರ ಮೂವತ್ತಕ್ಕೆ ಏರಿದ್ದನ್ನು ಓದಿ ಮುಗಿಸಿದಾಗ, ಹಿಂದಿನ ಸಾಲಿನಲ್ಲಿ ತನುಶ್ರೀ ಎದ್ದು ನಿಂತಳು.

"ಸರ್, ಆಟ ನಿಂತು ಒಂದು ತಿಂಗಳಾಯ್ತು. ಕೋಟೆ ಇಲ್ಲ. ಗಿಲ್ಡೂ ಇಲ್ಲ. ನಾವ್ಯಾರೂ ಯಾವುದಕ್ಕೂ ಸದಸ್ಯರಲ್ಲ."

ಭೋಜರಾಜರು ಕನ್ನಡಕ ತೆಗೆದು ಒರೆಸಿಕೊಂಡರು.

"ಅಂದ್ರೆ ಇನ್ಮೇಲೆ ಯಾರೂ ನಮ್ಮ ಮೇಲೆ ಮುತ್ತಿಗೆ ಹಾಕಕ್ಕಾಗಲ್ಲ, ಅಲ್ವೇನಮ್ಮ?"

"ಆಗಲ್ಲ ಸರ್."

ಹಾಲಿ ಆಡಳಿತ ಮಂಡಳಿಯ ಅವಧಿಯಲ್ಲಿ ವೈರಿಗಳ ಭಯ ಶಾಶ್ವತವಾಗಿ ನಿವಾರಣೆಯಾದುದಕ್ಕೆ ಅಭಿನಂದನಾ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು. ಭೋಜರಾಜರು ಅವಿರೋಧವಾಗಿ ಪುನರಾಯ್ಕೆಯಾದರು. ಪ್ರತಿ ಭಾನುವಾರ ಸಭೆ ಸೇರುವ ಕೋಟೆ ಸಂರಕ್ಷಣಾ ಉಪಸಮಿತಿಗೆ ಮಾತ್ರ ಎಂದೂ ಕಾಣದ ಪೈಪೋಟಿ ಕಂಡುಬಂತು. ಏಳು ಸ್ಥಾನಕ್ಕೆ ಮೂವತ್ತೊಂದು ನಾಮಪತ್ರ.

ಮೂವತ್ತೊಂದನೆಯದು ಗಡುವಿಗೆ ಹತ್ತು ನಿಮಿಷ ಇರುವಾಗ ಬಂತು. ಅಭ್ಯರ್ಥಿ ತನುಶ್ರೀ, ಸೂಚಕರು ಅಮ್ಮಣ್ಣಿಯವರು. ಸ್ಪರ್ಧಿಸುವ ಉದ್ದೇಶವೇನೆಂದು ನಿಯಮದ ಪ್ರಕಾರ ಅವಳನ್ನು ಕೇಳಿದೆ.

"ವಾರಕ್ಕೊಂದಿನ ಕನ್ನಡದಲ್ಲಿ ಮಾತಾಡೋರು ಬೇಕಲ್ಲ ಸರ್," ಎಂದಳು.

ಉದ್ದೇಶದ ಕಾಲಂನಲ್ಲಿ 'ಸಂಸ್ಥೆಯ ಸರ್ವತೋಮುಖ ಅಭಿವೃದ್ಧಿ' ಎಂದು ಬರೆದುಕೊಂಡೆ. ಫೋಟೋ ಎರಡಿದ್ದವು, ಪ್ರತಿ ಮೂರಿದ್ದವು, ಸಹಿ ತಾಳೆಯಾಗುತ್ತಿತ್ತು. ನಾಮಪತ್ರ ಕ್ರಮಬದ್ಧವಾಗಿತ್ತು. ಸೀಲು ಹಾಕಿ ಸ್ವೀಕರಿಸಿದೆ.