ಬ್ರೇಕ್ ಮೇಷ್ಟ್ರು ಕಣ್ಣು ಮುಚ್ಚಿದ್ದು

ಗೇಣಗಲದ ಒಂದು ಬಟ್ಟೆಪಟ್ಟಿ ಬ್ರೇಕ್ ಮೇಷ್ಟ್ರ ನೆಮ್ಮದಿಯನ್ನು ಹಿಂಡಿ ಹಾಕಿತ್ತು. ಹೋದ ಸೋಮವಾರ ಡಾಕ್ಟರು ಆ ಪಟ್ಟಿಯನ್ನು ಅವರ ತೋಳಿಗೆ ಸುತ್ತಿ, ಉಬ್ಬಿಸಿ, ಗಾಳಿ ಬಿಟ್ಟು, ರಕ್ತದೊತ್ತಡ ನೂರ ಎಪ್ಪತ್ತು ಎಂದು ಬರೆದಿದ್ದರು. ನೂರ ನಲವತ್ತು ದಾಟಿದವರು ಕಲಿಕೆಯ ಕಾರಿನಲ್ಲಿ ಕೂರುವ ಹಾಗಿಲ್ಲವೆಂದು ವಿಮೆಯವರು ಹೊಸ ನಿಯಮ ಮಾಡಿದ್ದರು. ಎರಡು ಸಲ ಅಳೆಯಬೇಕು, ಎರಡನೆಯ ಸಲದ್ದೇ ಲೆಕ್ಕ. ಆ ಎರಡನೆಯ ಸಲ ಇವತ್ತು, ಸಂಜೆ ನಾಲ್ಕಕ್ಕೆ.

ಮೇಷ್ಟ್ರು ಒಂದು ಡ್ರೈವಿಂಗ್ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಾರು ಕಲಿಸುತ್ತಿದ್ದವರು. ಅಂಥ ಕಾರಿನಲ್ಲಿ ಕಲಿಸುವವರು ಕೂರುವ ಕಡೆಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಸ್ಟೀರಿಂಗ್ ಮಾತ್ರ ಇರುವುದಿಲ್ಲ. ಅಂದರೆ ಇಷ್ಟು ವರ್ಷ ಅವರು ಕಾಲಿನಿಂದ ಓಡಿಸಿದ್ದು ಅರ್ಧ ಕಾರು. ಉಳಿದರ್ಧವನ್ನು ಗಂಟಲಿನಿಂದ ಓಡಿಸುತ್ತಿದ್ದರು. ಅವರು "ಬ್ರೇಕ್" ಎಂದು ಕೂಗಿದರೆ ಪಕ್ಕದ ಬೀದಿಯ ಸೈಕಲ್ಲುಗಳೂ ನಿಲ್ಲುತ್ತಿದ್ದವು. ಹೆಸರು ಬಂದದ್ದು ಹಾಗೆ. ಈ ಅರ್ಧ ಕಾರಿನಿಂದಲೂ ಇಳಿಸಿಬಿಟ್ಟರೆ ಐವತ್ತೊಂದನೆಯ ವಯಸ್ಸಿನಲ್ಲಿ ಬೇರೇನು ಕೆಲಸ ಬರುತ್ತದೆ ತನಗೆ? ಹಾಗೆ ಯೋಚಿಸಿದಾಗಲೆಲ್ಲ ಆ ನೂರ ಎಪ್ಪತ್ತು ಇನ್ನೊಂದು ಮೆಟ್ಟಿಲು ಹತ್ತಿದಂತಾಗುತ್ತಿತ್ತು.

ದಾರಿ ತೋರಿಸಿದವರು ಅದೇ ಶಾಲೆಯ ಇನ್ನೊಬ್ಬ ಮೇಷ್ಟ್ರು. ಕಾರು ಗೋಡೆಗೆ ಗುದ್ದಿದರೂ ಅವರ ಮುಖದ ನಗೆ ಅಲುಗುತ್ತಿರಲಿಲ್ಲ. ಎಲ್ಲರೂ ನಗೆ ಮೇಷ್ಟ್ರೆಂದೇ ಕರೆಯುತ್ತಿದ್ದರು. ಹೋದ ಸೋಮವಾರ ಅವರದು ನೂರ ಇಪ್ಪತ್ತಾರು.

"ಧ್ಯಾನ ಮಾಡಿ ಮೇಷ್ಟ್ರೇ. ಕಣ್ಣು ಮುಚ್ಚೋದು, ಉಸಿರು ಎಣಿಸೋದು. ಖರ್ಚಿಲ್ಲ, ಕಹಿ ಇಲ್ಲ," ಎಂದು ಅವರು ಒಂದು ಚಿಕ್ಕ ಪುಸ್ತಕವನ್ನು ಕೈಗಿಟ್ಟಿದ್ದರು. ಧ್ಯಾನದ ಇಪ್ಪತ್ತೊಂದು ನಿತ್ಯೋಪಯೋಗಿ ಲಾಭಗಳು ಅದರಲ್ಲಿದ್ದವು. ಒತ್ತಡ ಇಳಿಯುತ್ತದೆ, ನಿದ್ದೆ ಬರುತ್ತದೆ, ಸೊಂಟನೋವು ಹೋಗುತ್ತದೆ, ಕೂದಲು ಉದುರುವುದು ನಿಲ್ಲುತ್ತದೆ, ನೆರೆಹೊರೆಯವರು ಪ್ರೀತಿಸತೊಡಗುತ್ತಾರೆ. ಸುಮ್ಮನೆ ಕೂತದ್ದಕ್ಕೆ ಇಷ್ಟೆಲ್ಲ ಸಿಗುವುದಾದರೆ ಊರಾಚೆಯ ಮೈಲಿಗಲ್ಲು ಇಷ್ಟು ಹೊತ್ತಿಗೆ ಮಹಾರಾಜನಾಗಬೇಕಿತ್ತು. ಆದರೆ ಮುಳುಗುವವನು ಹುಲ್ಲುಕಡ್ಡಿಯ ಗಟ್ಟಿತನ ಪರೀಕ್ಷಿಸುತ್ತ ಕೂರುವುದಿಲ್ಲವಲ್ಲ.

ವಾರವೆಲ್ಲ ಅಭ್ಯಾಸ ಮಾಡಿದ್ದ ಮೇಷ್ಟ್ರು ಇವತ್ತೂ ಬೆಳಿಗ್ಗೆ ಆರಕ್ಕೆ ನಡುಮನೆಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಕಣ್ಣು ಮುಚ್ಚಿದರು. ಒಂದು, ಎರಡು, ಮೂರು. ನಾಲ್ಕನೆಯ ಉಸಿರಿಗೆ ಮನಸ್ಸಿನೊಳಗೆ ಒಂದು ಲಾರಿ ಅಡ್ಡ ಬಂತು. ಬಲಗಾಲು ತನ್ನಷ್ಟಕ್ಕೆ ನೆಲವನ್ನು ಧಡ್ಡನೆ ಒದೆಯಿತು. ಐದು, ಆರು. ಎಮ್ಮೆಯೊಂದು ನುಗ್ಗಿತು. ಧಡ್.

"ಏನ್ರೀ ಅದು, ಧ್ಯಾನ ಮಾಡ್ತಿದ್ದೀರೋ, ಗಾರೆ ಕೆಲಸ ಮಾಡ್ತಿದ್ದೀರೋ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು.

"ಮಾತಾಡಿಸ್ಬೇಡ. ಒಂಬತ್ತರಲ್ಲಿದ್ದೀನಿ."

"ಒಂಬತ್ತರಲ್ಲೇ ಇರಿ. ಕೆಳಗಿನ ಮನೆ ಅಜ್ಜಿ ಮೇಲೆ ಬರ್ತಾ ಇದ್ದಾರೆ. ನಾನಂತೂ ಬಾಗಿಲು ತೆಗೆಯಲ್ಲ."

ತೆಗೆಯುವ ಪ್ರಮೇಯ ಬರಲಿಲ್ಲ. ಬಾಗಿಲು ತಟ್ಟುವುದು ಬೇರೆಯವರ ಕೆಲಸವೆಂದು ತಿಳಿದಿದ್ದ ಅಜ್ಜಿ ನೇರ ಒಳಗೇ ಬಂದು, ಊರುಗೋಲನ್ನು ಮೇಷ್ಟ್ರ ಕುರ್ಚಿಗೆ ಕುಟ್ಟಿದರು.

"ಏನಪ್ಪಾ, ವಾರದಿಂದ ನನ್ನ ತಲೆ ಮೇಲೆ ಸುಣ್ಣ ಉದುರ್ತಾ ಇದೆ. ನಿನ್ನ ಶಾಂತಿಗೆ ನನ್ನ ಸೂರೇ ಬೇಕಾ?"

"ಧ್ಯಾನ ಅಜ್ಜೀ. ಒತ್ತಡ ಇಳಿಸೋಕೆ."

"ನಿಂದು ಇಳೀತಾ ಇದೆಯೇನೋ, ನಂದು ಏರ್ತಾ ಇದೆ. ಧ್ಯಾನ ಅಂತೆ. ಕೊಕ್ಕರೆನೂ ಒಂಟಿಕಾಲಲ್ಲಿ ಮಾಡತ್ತೆ. ಅದರಿಂದ ಲಾಭ ಆಯ್ತು ಅಂತ ಯಾವ ಮೀನೂ ಬಂದು ಹೇಳಿಲ್ಲ." ಅಜ್ಜಿ ಎದುರಿನ ಕುರ್ಚಿಯಲ್ಲಿ ಕೂತು, ಹೆಂಡತಿ ತಂದುಕೊಟ್ಟ ಚಹಾ ಕುಡಿದು, ಸಲಹೆಯನ್ನೂ ಕೊಟ್ಟರು. "ಆ ಕಾಲು ಕೆಳಗೆ ಬಿಟ್ಟಿರೋದೇ ತಪ್ಪು. ಮಡಚಿ ಅದರ ಮೇಲೇ ಕೂತ್ಕೋ. ಒದೆಯೋಕೆ ಏನಿರತ್ತೆ ಆಮೇಲೆ?"

ಮೇಷ್ಟ್ರಿಗೆ ಈ ಮಾತು ಬೆಣ್ಣೆಯಿಂದ ಕೂದಲು ಎಳೆದಷ್ಟು ಸಲೀಸಾಗಿ ಇಳಿಯಿತು. ಕಾಲು ಮಡಚಿ ಕೂತರು. ಲಾರಿ ಬಂದರೂ ಎಮ್ಮೆ ಬಂದರೂ ಕಾಲು ಅಲುಗಲಿಲ್ಲ. ಮೊದಲ ಸಲ ಉಸಿರು ಐವತ್ತು ದಾಟಿತು.

ಶಾಲೆಯ ಗೇಟಿನಲ್ಲಿ ನಗೆ ಮೇಷ್ಟ್ರು ಕಾಯುತ್ತಿದ್ದರು. "ಇವತ್ತು ನಾಲ್ಕು ಗಂಟೆ ತನಕ ಒಂದೇ ಒಂದು ಸಲಾನೂ ಕೂಗ್ಬೇಡಿ ಮೇಷ್ಟ್ರೇ. ಒಂದು ಕೂಗಿಗೆ ಹತ್ತು ಏರತ್ತೆ. ಏನೇ ಆಗ್ಲಿ, ಉಸಿರು ಎಣಿಸಿ. ನಿಮ್ಮ ಕೆಲಸ ಉಳೀಬೇಕು, ನನಗೆ ಅಷ್ಟೇ." ಹೀಗೆ ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ಒಡಹುಟ್ಟಿದವರೂ ತನಗಾಗಿ ಇಷ್ಟು ಮರುಗಿರಲಿಲ್ಲವೆಂದು ಬ್ರೇಕ್ ಮೇಷ್ಟ್ರ ಎದೆ ತುಂಬಿಬಂತು.

ಹತ್ತು ಗಂಟೆಗೆ ಹೊಲಿಗೆಯಮ್ಮ ಬಂದರು. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಎರಡು ಅಂಗಡಿ ಮಾಡಿದ ಹೆಂಗಸು. ಕಾರು ಕಲಿಯಲು ಬಂದು ಮೂರು ತಿಂಗಳಾಗಿತ್ತು. ಎಷ್ಟು ಹೇಳಿದರೂ ಅವರು ಎರಡೂ ಪಾದಗಳನ್ನು ಒಂದರ ಪಕ್ಕ ಒಂದಿಟ್ಟು ಹಿಂದೆ ಮುಂದೆ ತುಳಿಯುತ್ತಿದ್ದರು. ಕಾರು ರಸ್ತೆಯಲ್ಲಿ ಓಡುತ್ತಿರಲಿಲ್ಲ, ಹೊಲಿಗೆ ಹಾಕುತ್ತ ಹೋಗುತ್ತಿತ್ತು. ಬ್ರೇಕ್ ಮೇಷ್ಟ್ರ ಗಂಟಲೊಂದೇ ಆ ಹೊಲಿಗೆಯ ದಾರವನ್ನು ಕತ್ತರಿಸಬಲ್ಲ ಕತ್ತರಿ.

ಇವತ್ತು ಕತ್ತರಿಗೆ ರಜೆ. ಮೇಷ್ಟ್ರು ಸೀಟಿನಲ್ಲಿ ಕೂತವರೇ ಚಪ್ಪಲಿ ಬಿಟ್ಟು, ಎರಡೂ ಕಾಲು ಮಡಚಿ ಅವುಗಳ ಮೇಲೇ ಕೂತರು. ಅವರ ಕಡೆಯ ಬ್ರೇಕು ಯಜಮಾನನಿಲ್ಲದ ಮನೆಯ ಕರೆಗಂಟೆಯಂತೆ ಕೆಳಗೆ ಒಂಟಿಯಾಗಿ ಉಳಿಯಿತು.

"ಮೈ ಹುಷಾರಿಲ್ವಾ ಮೇಷ್ಟ್ರೇ?" ಹೊಲಿಗೆಯಮ್ಮ ಕೇಳಿದರು.

"ತುಂಬಾ ಚೆನ್ನಾಗಿದೀನಿ ಅಮ್ಮಾ. ಹೊರಡಿ, ನಿಧಾನವಾಗಿ."

ಕಾರು ಹೊರಟಿತು. ದೊಡ್ಡ ರಸ್ತೆಯ ತಿರುವಿನಲ್ಲಿ ಹಾಸಿಗೆ ಅಂಗಡಿಯೊಂದಿತ್ತು. ಅಂಗಡಿಯವನು ದಿನವೂ ಕಾಲುದಾರಿಯ ಮೇಲೆ ಆಳೆತ್ತರಕ್ಕೆ ಹಾಸಿಗೆಗಳನ್ನು ಪೇರಿಸಿ ನಿಲ್ಲಿಸುತ್ತಿದ್ದ. ಕಾರು ತಿರುಗುವ ಬದಲು ನೇರ ಅದರತ್ತ ಹೊಲಿಯುತ್ತ ನಡೆಯಿತು.

"ಅಮ್ಮಾ," ಎಂದರು ಮೇಷ್ಟ್ರು, ನಿದ್ದೆಯಲ್ಲಿರುವ ಮಗುವನ್ನು ಮಾತಾಡಿಸುವ ದನಿಯಲ್ಲಿ, "ಸಾಧ್ಯವಾದರೆ ಬ್ರೇಕ್ ಒತ್ತಿ."

"ಏನಂದ್ರಿ?"

"ಬ್ರೇಕ್, ಅಮ್ಮಾ. ಅವಸರ ಇಲ್ಲ."

ಅವಸರವಿಲ್ಲವೆಂದು ಮೇಷ್ಟ್ರೇ ಹೇಳಿದ ಮೇಲೆ ಹೊಲಿಗೆಯಮ್ಮ ಯಾಕೆ ಅವಸರಪಡಬೇಕು? ಮೇಷ್ಟ್ರು ಒಂದು, ಎರಡು ಎಣಿಸಿದರು. ಮೂರಕ್ಕೆ ಸರಿಯಾಗಿ ಕಾರು ಹಾಸಿಗೆಗಳ ಗುಡ್ಡದೊಳಗೆ ಮೂತಿ ತೂರಿಸಿ ನಿಂತಿತು. ಮೇಲಿನ ಐದು ಹಾಸಿಗೆಗಳು ಒಂದೊಂದಾಗಿ ಜಾರಿ ಕಾರಿನ ನೆತ್ತಿಯ ಮೇಲೆ ಮಲಗಿದವು.

ಹೊಲಿಗೆಯಮ್ಮ ಇಳಿದು ರಸ್ತೆಗೆಲ್ಲ ಕೇಳುವಂತೆ ಹೇಳಿದರು. "ನೀವು ಕಿರುಚ್ಲಿಲ್ಲ. ಕಿರುಚದೆ ಹೋದ್ರೆ ಬ್ರೇಕ್ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಮೂರು ತಿಂಗಳಿಂದ ಹಾಗೇ ಅಲ್ವಾ ಕಲಿಸಿರೋದು?"

ಹಾಸಿಗೆಯವನು ಗಜಕಡ್ಡಿ ಹಿಡಿದೇ ಓಡಿಬಂದ. "ಯಾರ್ರೀ ಮೇಷ್ಟ್ರು ಈ ಗಾಡಿಗೆ? ಕಣ್ಣು ತಲೆ ಹಿಂದೆ ಇದೆಯಾ? ಹೊಸ ಸರಕು. ನಿನ್ನೆ ಇಳಿಸಿದ್ದು."

ಮೇಷ್ಟ್ರ ಎದೆಯಲ್ಲಿ ಇಪ್ಪತ್ತೆರಡು ವರ್ಷದ ಕೂಗು ಕುಕ್ಕರಿನ ಸೀಟಿಯ ಹಾಗೆ ಮೇಲೆದ್ದಿತು. ಒಂದು ಕೂಗಿಗೆ ಹತ್ತು. ಅವರು ಇಳಿದು, ಎದುರು ಬಿದ್ದಿದ್ದ ಹಾಸಿಗೆಯ ಮೇಲೇ ಕಾಲು ಮಡಚಿ ಕೂತು ಕಣ್ಣು ಮುಚ್ಚಿಬಿಟ್ಟರು. ಜನ ಸೇರಿತು. ಜನ ಸೇರಿದ ಮೇಲೆ ಉಪದೇಶ ಸೇರದೆ ಇರುತ್ತದೆಯೇ?

"ತಲೆಗೆ ಪೆಟ್ಟು ಬಿದ್ದಿರ್ಬೇಕು."

"ಪೆಟ್ಟಲ್ಲ, ಧ್ಯಾನ. ನಮ್ಮ ಭಾವನೂ ಮಾಡ್ತಾರೆ. ಆದ್ರೆ ಗಲ್ಲ ಇಷ್ಟು ಎತ್ತಬಾರದು."

"ಎತ್ತಬೇಕು. ಎತ್ತದೆ ಇದ್ರೆ ಗ್ಯಾಸ್ ಆಗತ್ತೆ."

ಒಬ್ಬ ಗಲ್ಲ ತಗ್ಗಿಸಿದ, ಇನ್ನೊಬ್ಬ ಎತ್ತಿದ. ಮೂರನೆಯವನು ಹಿಂದಿನಿಂದ ಬೆನ್ನು ನೆಟ್ಟಗೆ ಮಾಡಿದ. ಮೇಷ್ಟ್ರು ನಲವತ್ತೇಳರಲ್ಲಿದ್ದರು. ಹಾಸಿಗೆಯವನು ಮಾತ್ರ ಬೈಗುಳವನ್ನು ಅರ್ಧಕ್ಕೇ ನಿಲ್ಲಿಸಿ, ಈ ಗುಂಪನ್ನು ಒಂದು ಗಳಿಗೆ ನೋಡಿದ. ವ್ಯಾಪಾರಿಯ ಬುದ್ಧಿ, ಗಾಳಿ ತಿರುಗಿದ ಕಡೆ ತೂರುವುದು. ಗಜಕಡ್ಡಿಯನ್ನು ಮೇಷ್ಟ್ರ ತಲೆಯ ಮೇಲಿಂದ ಆಡಿಸಿ ಶುರುಮಾಡಿದ.

"ನೋಡಿ ಸ್ವಾಮೀ, ಈಗಿನ್ನೂ ಕಾರು ಗುದ್ದಿಸ್ಕೊಂಡು ಬಂದ ಮನುಷ್ಯ. ನಮ್ಮ ಹಾಸಿಗೆ ಮೇಲೆ ಕೂತು ಎರಡು ನಿಮಿಷ ಆಗಿಲ್ಲ, ಮುಖದಲ್ಲಿ ಶಾಂತಿ ನೋಡಿ. ಇದು ಆರಿಂಚಿನದ್ದು. ಎಂಟಿಂಚಿನದ್ದು ಒಳಗಿದೆ."

ಅರ್ಧ ಗಂಟೆಯಲ್ಲಿ ಮೂರು ಹಾಸಿಗೆ ಹೋದವು. ಮೇಷ್ಟ್ರು ಎದ್ದು ಹೊರಟರೆ ಅವನೇ ಕೈಹಿಡಿದು, "ಇನ್ನೊಂದೆರಡು ಗಂಟೆ ಕೂತ್ಕೊಳ್ಳಿ ಅಣ್ಣಾ, ಊಟದ ಹೊತ್ತಿಗೆ ಗಿರಾಕಿ ಜಾಸ್ತಿ," ಎಂದ. ಧ್ಯಾನದಿಂದ ಲಾಭವಿದೆ ಎನ್ನುವುದು ಸುಳ್ಳಲ್ಲ. ಯಾರಿಗೆ ಎಂಬುದನ್ನಷ್ಟೇ ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ.

ಮೂತಿ ಚಪ್ಪಟೆಯಾದ ಕಾರು ಶಾಲೆಗೆ ಬಂದಾಗ ಯಜಮಾನರು ಅಂಗಳದಲ್ಲೇ ನಿಂತಿದ್ದರು. ಅವರು ಕಾರನ್ನು ಒಂದು ಸುತ್ತು ಸುತ್ತಿ, ಒಡೆದ ದೀಪದೊಳಗೆ ಬೆರಳಿಟ್ಟು ನೋಡಿದರು. "ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು, ಅಲ್ವಾ ಮೇಷ್ಟ್ರೇ?"

"ಹೌದು ಸಾರ್. ಕೂಗ್ಲಿಲ್ಲ."

"ಮೊದಲು ನೀವೂ ನಗೆ ಮೇಷ್ಟ್ರೂ ಡಾಕ್ಟರ ಹತ್ರ ಹೋಗಿ ಬನ್ನಿ. ಚೀಟಿ ನೋಡಿ ಆಮೇಲೆ ಮಾತಾಡೋಣ."

ಆಮೇಲೆ ಮಾತಾಡೋಣ ಎಂದರೆ ಏನೆಂದು ಮೇಷ್ಟ್ರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ದಾರಿಯುದ್ದಕ್ಕೂ ಅವರು ಉಸಿರು ಎಣಿಸುತ್ತಲೇ ಇದ್ದರು. ನಗೆ ಮೇಷ್ಟ್ರು ಮಾತ್ರ ಹೆಗಲ ಮೇಲೆ ಕೈ ಹಾಕಿ, ಇನ್ನೊಂದು ಕೈಯಿಂದ ಉಪ್ಪು ಸವರಿದ ಕಡಲೆಬೀಜದ ಪೊಟ್ಟಣ ಖಾಲಿ ಮಾಡುತ್ತ ನಡೆದರು. "ನಿಮಗೆ ಬೇಡ ಮೇಷ್ಟ್ರೇ, ಉಪ್ಪು ನಿಮಗಾಗಲ್ಲ," ಎಂದು ಒಂದು ಕಾಳನ್ನೂ ಕೊಡಲಿಲ್ಲ. ಅಷ್ಟು ಕಾಳಜಿ.

ಡಾಕ್ಟರ ಕೋಣೆ ನಾಲ್ಕನೆಯ ಮಹಡಿಯಲ್ಲಿತ್ತು. ನಗೆ ಮೇಷ್ಟ್ರು ಗೆಳೆಯನನ್ನು ಲಿಫ್ಟಿನಲ್ಲಿ ನಿಲ್ಲಿಸಿ, ಗುಂಡಿಯನ್ನೂ ತಾವೇ ಒತ್ತಿದರು. "ನೀವು ಆರಾಮಾಗಿ ಹೋಗಿ. ನಾನು ಮೆಟ್ಟಿಲು ಹತ್ತಿ ಬರ್ತೀನಿ."

ಮೇಲೆ ಬೆಂಚಿನ ಮೇಲೆ ಕೂತು ಬ್ರೇಕ್ ಮೇಷ್ಟ್ರು ಕಣ್ಣು ಮುಚ್ಚಿದರು. ಬೆಳಗಿನಿಂದ ಒಂದು ತುತ್ತು ಸರಿಯಾಗಿ ತಿಂದಿರಲಿಲ್ಲ, ವಾರದಿಂದ ಒಂದು ಗಂಟೆ ನೆಟ್ಟಗೆ ಮಲಗಿರಲಿಲ್ಲ. ಹದಿನಾರನೆಯ ಉಸಿರಿಗೆ ಕುತ್ತಿಗೆ ವಾಲಿತು. ಇಪ್ಪತ್ತಕ್ಕೆ ಗೊರಕೆ ಶುರುವಾಯಿತು. ನರ್ಸಮ್ಮ ಬಂದು ಎರಡು ಸಲ ಕರೆದು, ಮೂರನೆಯ ಸಲಕ್ಕೆ ಬೇಜಾರಾಗಿ, ನಿದ್ದೆಯಲ್ಲಿದ್ದವರ ತೋಳಿಗೇ ಪಟ್ಟಿ ಸುತ್ತಿ ಅಳೆದಳು. ಡಾಕ್ಟರು ಬಂದು ನೋಡಿ, ಯಂತ್ರ ಕೆಟ್ಟಿರಬೇಕೆಂದು ಮತ್ತೊಮ್ಮೆ ಅಳೆದರು. ನೂರ ಹದಿನೆಂಟು.

"ಏನು ಮಾಡಿದ್ರಿ ನೀವು?" ಎಂದು ಅವರು ಎಬ್ಬಿಸಿ ಕೇಳಿದರು.

"ಧ್ಯಾನ," ಎಂದರು ಮೇಷ್ಟ್ರು, ಬಾಯಿಯ ಜೊಲ್ಲು ಒರೆಸಿಕೊಳ್ಳುತ್ತ. ಡಾಕ್ಟರು ಸಹಿ ಹಾಕಿದರು.

ಅಷ್ಟರಲ್ಲಿ ನಗೆ ಮೇಷ್ಟ್ರು ಬಾಗಿಲಿಗೆ ಬಂದರು. ಬೆವರು ಧಾರಾಕಾರ, ಮುಖ ಕುದಿಸಿದ ಬೀಟ್‌ರೂಟು. ಮೆಟ್ಟಿಲು ಹತ್ತಿ, ಇಳಿದು, ಮತ್ತೆ ಹತ್ತುತ್ತಿದ್ದುದನ್ನು ಕಂಡೆನೆಂದು ನರ್ಸಮ್ಮ ಯಾರಿಗೋ ಹೇಳುತ್ತಿದ್ದಳು. ದಾರಿ ತಪ್ಪಿರಬೇಕು, ಪಾಪ, ಎಂದುಕೊಂಡರು ಬ್ರೇಕ್ ಮೇಷ್ಟ್ರು. ಪಟ್ಟಿ ಸುತ್ತಿದರು. ನೂರ ಎಂಬತ್ತೆರಡು.

ಶಾಲೆಗೆ ಮರಳಿದಾಗ ಯಜಮಾನರು ಎರಡೂ ಚೀಟಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಓದಿದರು. "ನೂರ ಹದಿನೆಂಟು. ಭೇಷ್ ಮೇಷ್ಟ್ರೇ, ನಾನು ಅಂದ್ಕೊಂಡಿರ್ಲಿಲ್ಲ. ಆದ್ರೆ ಇವರನ್ನ ಇನ್ನು ಕಾರಲ್ಲಿ ಕೂರಿಸೋ ಹಾಗಿಲ್ಲ."

ಬ್ರೇಕ್ ಮೇಷ್ಟ್ರಿಗೆ ತನ್ನ ಕೆಲಸ ಉಳಿದ ಸಂತೋಷಕ್ಕಿಂತ ಗೆಳೆಯನ ಸಂಕಟವೇ ಹೆಚ್ಚಾಯಿತು. ಕೈಮುಗಿದರು. "ಸಾರ್, ಇವರಿಂದಲೇ ನಾನು ಉಳಿದದ್ದು. ದಯವಿಟ್ಟು ಕೆಲಸದಿಂದ ತೆಗೀಬೇಡಿ."

"ಯಾರು ತೆಗೀತಾರೆ?" ಎಂದರು ಯಜಮಾನರು. "ನಮ್ಮ ಗುಮಾಸ್ತರು ನಾಳೆಯಿಂದ ಬರಲ್ಲ. ಅಳತೆ ಮೀರಿದವರಿಗೆ ಆ ಕುರ್ಚಿ. ಅದೇ ಸಂಬಳ, ಹತ್ತರಿಂದ ಐದು, ಫ್ಯಾನಿನ ಕೆಳಗೆ. ಇಬ್ರಲ್ಲಿ ಯಾರದ್ದು ಜಾಸ್ತಿಯೋ ಅವರಿಗೆ. ವಿಮೆ ನಿಯಮದ ಬಗ್ಗೆ ಹೋದ ವಾರ ಬರೆದ ನೋಟೀಸಿನ ಎರಡನೇ ಪುಟದಲ್ಲೇ ಇತ್ತಲ್ಲ. ನಿಮಗೆ ಕೊಡಿ ಅಂತ ಇವರ ಕೈಲೇ ಕೊಟ್ಟಿದ್ದೆ."

ಬ್ರೇಕ್ ಮೇಷ್ಟ್ರು ನಿಧಾನವಾಗಿ ತಿರುಗಿದರು. ನಗೆ ಮೇಷ್ಟ್ರು ಆಗಲೇ ಗುಮಾಸ್ತರ ಕುರ್ಚಿಯ ಧೂಳು ಕೊಡವುತ್ತಿದ್ದರು. "ಹೇಳಿದ್ರೆ ನಿಮಗೆ ಟೆನ್ಷನ್ ಆಗ್ತಿತ್ತು ಮೇಷ್ಟ್ರೇ," ಎಂದರು, ನಗೆ ಅಲುಗದಂತೆ.

"ಅವರ ಎಂಟು ಜನ ಕಲಿಯೋರು ನಾಳೆಯಿಂದ ನಿಮ್ಮವರೇ," ಯಜಮಾನರು ಮುಂದುವರಿಸಿದರು. "ಬೆಳಿಗ್ಗೆ ಐದಕ್ಕೆ ಮೊದಲನೆಯವರು. ನಮ್ಮತ್ತೆ. ಎರಡು ವರ್ಷದಿಂದ ಕಲೀತಿದ್ದಾರೆ, ಕಿವಿ ಸ್ವಲ್ಪ ಮಂದ."

ಮೇಷ್ಟ್ರ ಕಿವಿ ಬಿಸಿಯಾಯಿತು. ಕಣ್ಣಿನ ಪಕ್ಕದ ನರ ಡೊಳ್ಳು ಬಾರಿಸಿತು. ದಿನವಿಡೀ ನುಂಗಿಟ್ಟಿದ್ದ ಕೂಗು ಒಟ್ಟಿಗೇ ಹೊರಬಂದು ಕಿಟಕಿಯ ಗಾಜು ಗದಗುಟ್ಟಿತು. ಹೊರಗೆ ರಸ್ತೆಯಲ್ಲಿ ಎರಡು ಸೈಕಲ್ಲು ನಿಂತವು. ಅವರು ಅಂಗಿಯ ತೋಳು ಮೇಲಕ್ಕೆ ಸರಿಸಿ, ಬರಿಗೈಯನ್ನು ಯಜಮಾನರ ಮುಂದೆ ಚಾಚಿದರು.

"ಈಗ ಅಳೀಲಿ ಸಾರ್. ಈಗ, ಈ ನಿಮಿಷ. ಇನ್ನೂರಕ್ಕೆ ಕಡಿಮೆ ಬಂದ್ರೆ ಕೇಳಿ."

ಯಜಮಾನರು ನೂರ ಹದಿನೆಂಟರ ಚೀಟಿಯನ್ನು ಮಡಚಿ, ಕಪಾಟಿನಲ್ಲಿಟ್ಟು, ಬೀಗ ಹಾಕಿದರು.

"ಅಳೆದು ಏನು ಮಾಡ್ತೀರಿ ಮೇಷ್ಟ್ರೇ? ಈ ಸರ್ಟಿಫಿಕೇಟು ಮೂರು ವರ್ಷ ನಡೆಯತ್ತೆ."